ಲೇಟೆಕ್ಸ್ ಹಾಸಿಗೆ: ಕೊಳ್ಳುವ ಮುನ್ನ

ಮತ್ತಿಕೆರೆಯ ಹಿರಿಯರೊಬ್ಬರು ಕಳೆದ ತಿಂಗಳು ಪತ್ನಿಯೊಡನೆ ನನ್ನಲ್ಲಿಗೆ ಬಂದಿದ್ದರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾದವರು. ವಯಸ್ಸು ಎಪ್ಪತ್ತರ ಆಸುಪಾಸು. ಕುರ್ಚಿಯಲ್ಲಿ ಕುಳಿತವರು ಮೊದಲು ತೆಗೆದದ್ದು ಕಾಯಿಲೆಯ ಮಾತಲ್ಲ, ಹಾಸಿಗೆಯ ಮಾತು.

“ಡಾಕ್ಟ್ರೇ, ನಲವತ್ತೆರಡು ಸಾವಿರ ಕೊಟ್ಟು ಅಪ್ಪಟ ರಬ್ಬರ್ ಹಾಲಿನ ಹಾಸಿಗೆ ತಂದೆ. ಬೆನ್ನುನೋವು ಮಾಯ ಆಗುತ್ತೆ ಅಂದಿದ್ರು. ತಿಂಗಳಾಯ್ತು, ನೋವು ಹಾಗೇ ಇದೆ. ಹಾಸಿಗೆ ಸರಿಯಿಲ್ಲವೋ, ನನ್ನ ಬೆನ್ನೇ ಸರಿಯಿಲ್ಲವೋ ನೀವೇ ಹೇಳಿ.”

ಪಕ್ಕದಲ್ಲಿದ್ದ ಪತ್ನಿ, “ನನಗೇನೋ ಒಳ್ಳೆ ನಿದ್ದೆ ಬರ್ತಿದೆ. ಇವರಿಗೇ ಸಮಾಧಾನ ಇಲ್ಲ” ಎಂದರು.

ನೋವು ಯಾವಾಗ ಬರುತ್ತದೆ ಎಂದು ಕೇಳಿದೆ. ಮಲಗಿದಾಗ ಅಷ್ಟೇನೂ ಇಲ್ಲವಂತೆ. ಬೆಳಿಗ್ಗೆ ಜೆ.ಪಿ. ಪಾರ್ಕಿನಲ್ಲಿ ನಡೆಯುವಾಗ ಬರುತ್ತದಂತೆ. ಹಿಂದೆ ಮೂರು ಸುತ್ತು ಹಾಕುತ್ತಿದ್ದವರು ಈಗ ಅರ್ಧ ಸುತ್ತಿಗೇ ನಿಲ್ಲುತ್ತಾರೆ. ಸೊಂಟದಿಂದ ಎರಡೂ ಮೀನಖಂಡಗಳವರೆಗೆ ಸೆಳೆತ, ಭಾರ, ಜೋಮು. ಕಲ್ಲು ಬೆಂಚಿನ ಮೇಲೆ ಐದು ನಿಮಿಷ ಮುಂದಕ್ಕೆ ಬಾಗಿ ಕುಳಿತರೆ ಎಲ್ಲ ಸರಿ. ಎದ್ದು ನಡೆದರೆ ಮತ್ತೆ ಅದೇ ಕಥೆ. “ಸೈಕಲ್ ತುಳಿಯುವಾಗ ನೋವು ಬರೋದಿಲ್ಲ, ಅದೇ ಆಶ್ಚರ್ಯ” ಎಂದೂ ಸೇರಿಸಿದರು.

ಆಶ್ಚರ್ಯವೇನೂ ಇಲ್ಲ. ವಯಸ್ಸಾದಂತೆ ಸೊಂಟದ ಭಾಗದಲ್ಲಿ ನರಗಳು ಹಾದುಹೋಗುವ ಬೆನ್ನೆಲುಬಿನ ನಾಳ ಕಿರಿದಾಗಬಹುದು. ನೆಟ್ಟಗೆ ನಿಂತು ನಡೆದಾಗ ಅದು ಇನ್ನಷ್ಟು ಬಿಗಿಯಾಗಿ ನರಗಳನ್ನು ಒತ್ತುತ್ತದೆ. ಮುಂದಕ್ಕೆ ಬಾಗಿದಾಗ ಸ್ವಲ್ಪ ತೆರೆದುಕೊಳ್ಳುತ್ತದೆ. ಸೈಕಲ್ ಮೇಲೆ ಬಾಗಿ ಕುಳಿತವರಿಗೆ ನೋವು ಬಾರದಿರುವುದಕ್ಕೂ ಇದೇ ಕಾರಣ. ಈ ತೊಂದರೆಗೆ ಪರೀಕ್ಷೆ ಬೇಕು, ವ್ಯಾಯಾಮ ಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಯಾವ ಮರದ ಹಾಲಿನಿಂದ ಮಾಡಿದ ಹಾಸಿಗೆಯೂ ಆ ನಾಳವನ್ನು ಅಗಲ ಮಾಡಲಾರದು. ನನಗೆ ಬೇಸರವಾದದ್ದು ಅವರು ಖರ್ಚು ಮಾಡಿದ ಹಣಕ್ಕಲ್ಲ. ಯುಗಾದಿಯ ಹೊತ್ತಿಗೇ ಶುರುವಾಗಿದ್ದ ನೋವನ್ನು “ಹಾಸಿಗೆ ಬಂದರೆ ಹೋಗುತ್ತೆ” ಎಂದುಕೊಂಡು, ಹಣ ಕೂಡಿಡುತ್ತಾ, ವೈದ್ಯರ ಬಳಿ ಹೋಗದೆ ಐದು ತಿಂಗಳು ತಳ್ಳಿದ್ದಕ್ಕೆ.

ಈ ವಾರದ ಅಂಕಣಕ್ಕೆ ಹಾಸಿಗೆಯನ್ನೇ ವಿಷಯ ಮಾಡಿಕೊಂಡದ್ದು ಈ ಕಾರಣದಿಂದ. ಮೊಬೈಲ್ ತೆರೆದರೆ ಹಾಸಿಗೆಯ ಜಾಹೀರಾತು, ಬಸ್ಸಿನ ಹಿಂಭಾಗದಲ್ಲಿ ಹಾಸಿಗೆಯ ಜಾಹೀರಾತು. ಎಲ್ಲದರಲ್ಲೂ ‘ನೈಸರ್ಗಿಕ’, ‘ಆರ್ಥೋಪೆಡಿಕ್’ ಎಂಬ ಎರಡು ಪದಗಳು ತಪ್ಪದೆ ಇರುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೈಸರ್ಗಿಕ ಲೇಟೆಕ್ಸ್ ಹಾಸಿಗೆ ಒಳ್ಳೆಯ ವಸ್ತು, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಅದು ಹಾಸಿಗೆ, ಔಷಧವಲ್ಲ. ಹಾಸಿಗೆಯೆಂದು ತಿಳಿದು, ಮಲಗಿ ನೋಡಿ, ಮನೆಯವರ ಮೈಗೆ ಮತ್ತು ಮನೆಯ ಅನುಕೂಲಕ್ಕೆ ಹೊಂದಿದರೆ ಕೊಳ್ಳಿ. ಔಷಧವೆಂದು ತಿಳಿದು ಸಾಲ ಮಾಡಿ ಕೊಳ್ಳಬೇಡಿ.

ಮೊದಲು ಈ ವಸ್ತು ಯಾವುದೆಂದು ತಿಳಿಯೋಣ. ಅಮೆಜಾನ್ ಕಾಡಿನಿಂದ ಬಂದ ಹೆವಿಯಾ ಎಂಬ ರಬ್ಬರ್ ಮರದ ತೊಗಟೆಯನ್ನು ಓರೆಯಾಗಿ ಗೀರಿದಾಗ ಒಸರುವ ಬಿಳಿಯ ಹಾಲೇ ಲೇಟೆಕ್ಸ್. ಇದನ್ನು ನೋಡಲು ಕೇರಳಕ್ಕೇ ಹೋಗಬೇಕಾಗಿಲ್ಲ. ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ರಬ್ಬರ್ ತೋಟಗಳಿವೆ. 1964ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಹಲವರಿಗೆ ಬದುಕು ಸಿಕ್ಕಿದ್ದು ಸುಳ್ಯ–ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ. ಇಂದಿಗೂ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಬೆಳಕು ಹರಿಯುವ ಮುನ್ನವೇ ಮರ ಗೀರುವ ಕೆಲಸ ಶುರುವಾಗುತ್ತದೆ. ಬಿಸಿಲೇರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಸಣ್ಣ ಬೆಳೆಗಾರರು ಹೆಚ್ಚಾಗಿ ಈ ಹಾಲಿಗೆ ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಹಾಳೆಯಾಗಿ ಒತ್ತಿ, ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಹಾಸಿಗೆಗೆ ಬೇಕಾದದ್ದು ಹಾಳೆಯಲ್ಲ, ಹಾಲೇ. ಅದು ಹೆಪ್ಪುಗಟ್ಟದಂತೆ ಅಮೋನಿಯಾ ಸೇರಿಸಿ, ಯಂತ್ರದಲ್ಲಿ ತಿರುಗಿಸಿ, ನೀರಿನಂಶ ತೆಗೆದು ಗಟ್ಟಿ ಮಾಡುತ್ತಾರೆ. ಮರದಿಂದ ಬಂದಾಗ ಸುಮಾರು ಮೂರನೇ ಒಂದು ಪಾಲು ರಬ್ಬರ್ ಇರುವ ಹಾಲಿನಲ್ಲಿ ಈಗ ಶೇ 60ರಷ್ಟು ರಬ್ಬರ್ ಇರುತ್ತದೆ.

ಮುಂದಿನದು ಮಜ್ಜಿಗೆ ಕಡೆದಂತೆ. ಈ ಹಾಲಿಗೆ ಸಾಬೂನಿನಂಥ ವಸ್ತು, ಗಂಧಕ, ಸತುವಿನ ಆಕ್ಸೈಡ್ ಸೇರಿಸಿ ನೊರೆ ಬರುವಂತೆ ಕಡೆದು, ಅಚ್ಚಿಗೆ ಸುರಿದು, ಬಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ತೊಳೆದು ಒಣಗಿಸುತ್ತಾರೆ. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ರೂಪುಗೊಂಡ ವಿಧಾನವಿದು. ಇಂದಿಗೂ ‘ಡನ್‌ಲಪ್’ ಎಂಬ ಹೆಸರಲ್ಲೇ ನಡೆಯುತ್ತಿದೆ. ‘ತಲಾಲೆ’ ಎಂಬ ಇನ್ನೊಂದು ವಿಧಾನದಲ್ಲಿ ಅಚ್ಚಿನ ಗಾಳಿ ಎಳೆದು ನೊರೆಯನ್ನು ಹಿಗ್ಗಿಸಿ, ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುತ್ತಾರೆ. ಅದು ಹೆಚ್ಚು ಮೃದು, ಬೆಲೆಯೂ ಹೆಚ್ಚು. ಬೆನ್ನಿನ ಆರೋಗ್ಯಕ್ಕೆ ಒಂದು ಇನ್ನೊಂದಕ್ಕಿಂತ ಮೇಲು ಎಂದು ನಂಬಲು ಕಾರಣ ನನಗೆ ಕಂಡಿಲ್ಲ.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಒಂದು, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಗಂಧಕವಿಲ್ಲದೆ ರಬ್ಬರ್ ಹಾಲು ಹಾಸಿಗೆಯಾಗುವುದಿಲ್ಲ. ಆ ಬೇರೆ ವಸ್ತುಗಳಿಂದ ಹೆದರಬೇಕಾದ್ದೇನೂ ಇಲ್ಲ. ಎರಡು, ರಬ್ಬರ್ ಹಾಲಿನ ಮೇಲೆ ಮಲಗುವುದು ನಮಗೆ ಹೊಸತಲ್ಲ. ಮಣಿಪಾಲದ ಪೈ ಕುಟುಂಬದವರು 1962ರಲ್ಲಿ ಆರಂಭಿಸಿದ ಕರ್ಲಾನ್ ಹಾಸಿಗೆಯನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ? ಸುರುಳಿ ಮಾಡಿದ ತೆಂಗಿನ ನಾರನ್ನು ರಬ್ಬರ್ ಹಾಲಿನಿಂದ ಬೆಸೆದು ಮಾಡುವ ಹಾಸಿಗೆ ಅದು. ನಮ್ಮ ಅಪ್ಪ ಅಮ್ಮಂದಿರ ಮದುವೆಯ ಮಂಚಕ್ಕೂ ರಬ್ಬರ್ ಮರದ ಋಣ ಇದ್ದೇ ಇತ್ತು.

ಇನ್ನು ಅಂಗಡಿಗೆ ಹೋಗೋಣ. ಮೋಸ ಹೋಗುವ ಜಾಗ ಸಾಮಾನ್ಯವಾಗಿ ಒಂದೇ. ಚೀಟಿಯಲ್ಲಿ ‘ಲೇಟೆಕ್ಸ್ ಹಾಸಿಗೆ’ ಎಂದಿರುತ್ತದೆ. ಒಳಗೆ ಮೇಲ್ಭಾಗದಲ್ಲಿ ಒಂದೋ ಎರಡೋ ಅಂಗುಲ ಲೇಟೆಕ್ಸ್, ಅದರ ಕೆಳಗೆ ಫೋಮಿನ ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್. ಅಂಥ ಹಾಸಿಗೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆದರೆ ಅದಕ್ಕೆ ಪೂರ್ತಿ ಲೇಟೆಕ್ಸಿನ ಬೆಲೆ ಕೊಡಬೇಕಾಗಿಲ್ಲ. ಆದ್ದರಿಂದ “ಇದು ಲೇಟೆಕ್ಸಾ?” ಎಂದು ಕೇಳಬೇಡಿ, “ಒಟ್ಟು ಎಷ್ಟು ಅಂಗುಲದಲ್ಲಿ ಎಷ್ಟು ಅಂಗುಲ ಲೇಟೆಕ್ಸ್?” ಎಂದು ಕೇಳಿ. ಗವಸಿಗೆ ಜಿಪ್ ಇದ್ದರೆ ತೆಗೆದು ನೋಡಿ. ಜಿಪ್ ತೆಗೆಯಲು ಬಿಡದ ಅಂಗಡಿಯಿಂದ ಹೊರಗೆ ಬನ್ನಿ. ಎರಡನೆಯ ಪ್ರಶ್ನೆ, ಮರದ ಹಾಲು ಎಷ್ಟು, ಪೆಟ್ರೋಲಿಯಂನಿಂದ ಮಾಡಿದ ಕೃತಕ ಲೇಟೆಕ್ಸ್ ಎಷ್ಟು ಎಂಬುದು. ಎರಡನ್ನೂ ಬೆರೆಸಿ ಮಾಡುವುದು ವಾಡಿಕೆ. ಉತ್ತರವನ್ನು ಬಾಯಿಮಾತಲ್ಲಿ ಬಿಡಬೇಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸುಳ್ಳು ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಕೈಯಲ್ಲಿ ಬಿಲ್ಲಿಲ್ಲದವನ ದೂರಿಗೆ ಬಲವಿರುವುದಿಲ್ಲ.

ಪ್ರಮಾಣಪತ್ರಗಳ ಮುದ್ರೆಗಳನ್ನೂ ತೋರಿಸುತ್ತಾರೆ. ಒಂದೊಂದು ಮುದ್ರೆ ಒಂದೊಂದು ಮಾತು ಹೇಳುತ್ತದೆ. ‘ಗೋಲ್ಸ್’ ಎಂಬುದು ಸಾವಯವ ತೋಟದ ಲೇಟೆಕ್ಸ್ ಎಂಬುದಕ್ಕೆ. ‘ಓಕೋಟೆಕ್ಸ್’ ಎಂಬುದು ಹಾನಿಕರ ರಾಸಾಯನಿಕಗಳು ಮಿತಿಯೊಳಗಿವೆ ಎಂಬುದಕ್ಕೆ. ಎರಡನೆಯದು ಕೃತಕ ಲೇಟೆಕ್ಸಿಗೂ ಸಿಗಬಹುದು. ಬೆನ್ನುನೋವು ಹೋಗುತ್ತದೆ ಎಂದು ಈ ಎರಡರಲ್ಲಿ ಯಾವುದೂ ಹೇಳುವುದಿಲ್ಲ. ‘ಆರ್ಥೋಪೆಡಿಕ್’ ಎಂಬ ಪದವಂತೂ ಹಾಸಿಗೆಯ ಮೇಲೆ ಬರೀ ಅಲಂಕಾರ. ಅದನ್ನು ಬರೆಯಲು ಯಾವ ಮೂಳೆ ವೈದ್ಯರ ಅಪ್ಪಣೆಯೂ ಬೇಕಿಲ್ಲ.

ತೂಕವೂ ಒಂದು ಸುಳಿವು. ಆರು ಅಡಿ ಉದ್ದ, ಐದು ಅಡಿ ಅಗಲ, ಆರು ಅಂಗುಲ ದಪ್ಪದ ಪೂರ್ತಿ ಲೇಟೆಕ್ಸ್ ಹಾಸಿಗೆ ಸುಮಾರು 30 ಕಿಲೊಗ್ರಾಂ ಮೀರಿ ತೂಗುತ್ತದೆ. ಅದೇ ಅಳತೆಯ ಸಾಮಾನ್ಯ ಫೋಮ್ ಇದರ ಅರ್ಧದಷ್ಟೂ ತೂಗುವುದಿಲ್ಲ. ಮೂಲೆ ಹಿಡಿದು ಎತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಈ ತೂಕ ಮುಂದೆ ನಿಮಗೇ ಕಷ್ಟ ಕೊಡಬಹುದು. ಮತ್ತಿಕೆರೆಯ ಹಳೆಯ ಬೀದಿಗಳಲ್ಲಿ ಇಪ್ಪತ್ತು–ಮೂವತ್ತರ ನಿವೇಶನಗಳ ಮೇಲೆ ಎದ್ದ ಮೂರಂತಸ್ತಿನ ಮನೆಗಳಿಗೆ, ಆಳು ಅಡ್ಡ ತಿರುಗಿ ಹತ್ತಬೇಕಾದ ಮೆಟ್ಟಿಲುಗಳಿವೆ. ವರ್ಷ ವರ್ಷ ಮನೆ ಬದಲಿಸುವ ಬಾಡಿಗೆದಾರರು ಇದನ್ನು ಮೊದಲೇ ಯೋಚಿಸಬೇಕು.

ಇಷ್ಟೆಲ್ಲ ವಿಚಾರಿಸಿದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇದೆ. ಹಾಸಿಗೆ ಗಡುಸಾಗಿರಬೇಕೇ, ಮೆತ್ತಗಿರಬೇಕೇ? “ಬೆನ್ನುನೋವೇ? ಹಲಗೆಯ ಮೇಲೆ ಮಲಗು” ಎಂಬ ಮಾತನ್ನು ನಮ್ಮ ಹಿರಿಯ ವೈದ್ಯರೂ ಹೇಳುತ್ತಿದ್ದರು, ನಾನೂ ಹೇಳಿದ್ದೇನೆ. ಅದಕ್ಕೆ ಗಟ್ಟಿಯಾದ ಆಧಾರ ಇರಲಿಲ್ಲ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದಿಂದ ಸೊಂಟನೋವಿದ್ದ, ಆದರೆ ನಿರ್ದಿಷ್ಟ ರೋಗವೇನೂ ಇಲ್ಲದ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಡುಸು ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಡುಸಿನ ಹಾಸಿಗೆ ಕೊಟ್ಟರು. 90 ದಿನಗಳ ನಂತರ ಮಧ್ಯಮ ಗಡುಸಿನ ಹಾಸಿಗೆಯವರಲ್ಲಿ ನೋವೂ ಕಡಿಮೆ, ದಿನದ ಕೆಲಸಕ್ಕೆ ಆಗುವ ಅಡಚಣೆಯೂ ಕಡಿಮೆ ಎಂದು ಕಂಡಿತು. ಈ ಅಧ್ಯಯನ ಗಡುಸುತನವನ್ನು ಪರೀಕ್ಷಿಸಿತೇ ಹೊರತು ಲೇಟೆಕ್ಸ್ ಮೇಲೋ ಹತ್ತಿ ಮೇಲೋ ಎಂಬುದನ್ನಲ್ಲ. ಅಂಗಡಿಯವರು ಇದನ್ನು ಉಲ್ಲೇಖಿಸಿದರೆ ಅಷ್ಟನ್ನು ನೆನಪಿಡಿ.

ಆದರೆ ನಿಮ್ಮ ಮೈಗೆ ‘ಮಧ್ಯಮ’ ಯಾವುದು ಎಂಬುದನ್ನು ಸ್ಪೇನಿನವರು ಹೇಳಲಾರರು. 50 ಕಿಲೊ ತೂಗುವವರಿಗೆ ಗಡುಸೆನಿಸುವ ಹಾಸಿಗೆಯಲ್ಲಿ 90 ಕಿಲೊ ತೂಗುವವರು ಹೂತುಹೋಗುತ್ತಾರೆ. ಮಲಗಿಯೇ ನೋಡಬೇಕು. ಅಂಗಡಿಯಲ್ಲಿ ಮಲಗಲು ನಮ್ಮವರಿಗೆ, ಅದರಲ್ಲೂ ಹೆಂಗಸರಿಗೆ, ಸಂಕೋಚ. ಅಂಗೈಯಿಂದ ಎರಡು ಸಲ ಒತ್ತಿ, “ಮೆತ್ತಗಿದೆ ಅಲ್ವಾ?” ಎಂದು ಹಣ ಕೊಟ್ಟುಬಿಡುತ್ತೇವೆ. ಚಪ್ಪಲಿ ಕೊಳ್ಳುವಾಗಲೂ ನಾಲ್ಕು ಹೆಜ್ಜೆ ಹಾಕಿ ನೋಡುವ ನಾವು ಹತ್ತು ವರ್ಷ ಮಲಗುವ ಹಾಸಿಗೆಯನ್ನು ಕೈಯಲ್ಲಿ ಒತ್ತಿ ಕೊಳ್ಳುತ್ತೇವೆ! ಸಂಕೋಚ ಬಿಡಿ. ಮನೆಯಿಂದ ನಿಮ್ಮ ದಿಂಬನ್ನೇ ಒಯ್ಯಿರಿ. ನೀವು ರಾತ್ರಿ ಯಾವ ಮಗ್ಗುಲಾಗಿ ಮಲಗುತ್ತೀರೋ ಅದೇ ಭಂಗಿಯಲ್ಲಿ ಹತ್ತು ಹದಿನೈದು ನಿಮಿಷ ಮಲಗಿ. ಜೊತೆಗೆ ಬಂದವರು ಹಿಂದೆ ನಿಂತು ನಿಮ್ಮ ಬೆನ್ನನ್ನು ನೋಡಲಿ. ಮಗ್ಗುಲಾಗಿ ಮಲಗಿದಾಗ ಕತ್ತಿನಿಂದ ಸೊಂಟದವರೆಗೆ ಬೆನ್ನೆಲುಬು ಹೆಚ್ಚು ಕಡಿಮೆ ನೇರವಾಗಿರಬೇಕು. ಸೊಂಟ ಕುಸಿದು ತೊಟ್ಟಿಲಿನಂತೆ ಬಾಗಿದರೆ ಅದು ಅತಿ ಮೆದು. ಭುಜ ಒತ್ತಿ ಕೈ ಜೋಮು ಹಿಡಿದರೆ ಅತಿ ಗಡುಸು. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಸ್ವಲ್ಪ ಬಿಗಿಯಾಗಿ ಒಳಗೆ ಹೋಗಬೇಕು. ಸಲೀಸಾಗಿ ಆಚೆ ಬಂದರೆ ಹಾಸಿಗೆ ಗಡುಸು, ತೂರಿಸಲೇ ಆಗದಿದ್ದರೆ ಮೆದು. ದಂಪತಿಗಳಾದರೆ ಇಬ್ಬರೂ ಒಟ್ಟಿಗೆ ಮಲಗಿ ನೋಡಬೇಕು. ಇಬ್ಬರ ತೂಕದಲ್ಲಿ ಬಹಳ ಅಂತರವಿದ್ದರೆ ಎರಡು ಬೇರೆ ಹಾಸಿಗೆಗಳನ್ನು ಜೋಡಿಸಿ ಹಾಕುವುದೇ ಜಾಣತನ. ಮನೆಗೆ ಬಂದ ಅತ್ತೆ ಏನೆಂದುಕೊಳ್ಳುತ್ತಾರೋ ಎಂದು ಚಿಂತಿಸಬೇಡಿ.

ಅಂಗಡಿಗೆ ಹೋಗದೆ ಮೊಬೈಲಿನಲ್ಲೇ ತರಿಸುವವರು ಈಗ ಹೆಚ್ಚು. ಪ್ರಾಯೋಗಿಕ ಅವಧಿ ಎಷ್ಟು ರಾತ್ರಿ, ಬೇಡವೆಂದರೆ ಮೂರನೇ ಮಹಡಿಯಿಂದ ಇಳಿಸಿಕೊಂಡು ಹೋಗುವ ಖರ್ಚು ಯಾರದು, ಪೂರ್ತಿ ಹಣ ವಾಪಸೋ ಅಥವಾ ಬದಲಿ ಹಾಸಿಗೆಯೋ, ಈ ಮೂರನ್ನು ಓದಿಕೊಂಡು ಆಮೇಲೆ ಹಣ ಕಟ್ಟಿ.

ಮಕ್ಕಳ ಕೆಮ್ಮು–ಉಬ್ಬಸದ ಹೆಸರಿನಲ್ಲಿಯೂ ಲೇಟೆಕ್ಸ್ ಹಾಸಿಗೆ ಮಾರಾಟವಾಗುತ್ತದೆ. ಬೆಂಗಳೂರಿನ ತಂದೆ ತಾಯಂದಿರಿಗೆ ಇದು ಬೇಗ ನಾಟುತ್ತದೆ, ಏಕೆಂದರೆ ಭಯ ನಿಜವಾದದ್ದು. ಡಾ. ಎಚ್. ಪರಮೇಶ್ ಅವರು ನಗರದಲ್ಲಿ 18 ವರ್ಷದೊಳಗಿನ 20,000 ಮಕ್ಕಳ ಮೇಲೆ ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5 ಆಗಿತ್ತು. ಆಸ್ತಮಾ ಕೆರಳಿಸುವ ವಸ್ತುಗಳಲ್ಲಿ ಮನೆಯ ದೂಳಿನ ನುಸಿಯೂ ಒಂದು. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ತೇವವಿದ್ದಲ್ಲಿ ಬದುಕುತ್ತದೆ. ಹಾಸಿಗೆ, ದಿಂಬು, ಕಂಬಳಿ ಇದರ ಮೆಚ್ಚಿನ ತಾಣ.

ಲೇಟೆಕ್ಸಿನ ಒಳಗೆ ನುಸಿ ಸುಲಭವಾಗಿ ಮನೆ ಮಾಡದಿರಬಹುದು. ಆದರೆ ಚರ್ಮದ ಹೊಟ್ಟು ಬೀಳುವುದು ಗವಸಿನ ಮೇಲೆ, ಬೆಡ್‌ಶೀಟಿನ ಮೇಲೆ, ಪಕ್ಕದ ಹತ್ತಿ ದಿಂಬಿನ ಮೇಲೆ. ಅವುಗಳನ್ನು ತೊಳೆಯದಿದ್ದರೆ ಕೆಳಗೆ ಯಾವ ಹಾಸಿಗೆ ಇದ್ದರೇನು? 2003ರಲ್ಲೇ ಇಂಗ್ಲೆಂಡಿನ ಸಾವಿರಕ್ಕೂ ಹೆಚ್ಚು ವಯಸ್ಕ ಆಸ್ತಮಾ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ನುಸಿ ತಡೆಯುವ ವಿಶೇಷ ಗವಸು ಹಾಕಿದ್ದೊಂದರಿಂದಲೇ ರೋಗ ಹತೋಟಿಗೆ ಬರಲಿಲ್ಲ ಎಂದು ತಿಳಿಯಿತು. ಆದ್ದರಿಂದ ಹೊಸ ಹಾಸಿಗೆ ಬಂತೆಂದು ಮಗುವಿನ ಇನ್‌ಹೇಲರ್ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಬೆಡ್‌ಶೀಟು, ದಿಂಬಿನ ಗವಸುಗಳನ್ನು 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೋಣೆಯ ಗೋಡೆ ಹಸಿಯಾಗಿದ್ದರೆ ಹಾಸಿಗೆಗೆ ಇಟ್ಟ ಹಣದಲ್ಲಿ ಮೊದಲು ಅದನ್ನು ಸರಿಪಡಿಸಿ. ನೆಲಮಹಡಿಯ ಮನೆಗಳಲ್ಲಿ ಮಳೆಗಾಲದಲ್ಲಿ ಬರುವ ಬೂಷ್ಟು ಕೂಡ ಉಬ್ಬಸಕ್ಕೆ ಕಾರಣವೇ.

ರಬ್ಬರ್ ಹಾಲಿನ ಪ್ರೋಟೀನು ಕೆಲವರಿಗೆ ಅಲರ್ಜಿ. ಆಸ್ಪತ್ರೆಯ ರಬ್ಬರ್ ಕೈಗವಸು ಅಥವಾ ಬಲೂನು ತಾಗಿದರೆ ಮೈ ತುರಿಸಿ ದದ್ದು ಏಳುವವರು, ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದವರು, ಬಾಳೆಹಣ್ಣು, ಬೆಣ್ಣೆಹಣ್ಣು ತಿಂದಾಗ ಬಾಯಿ ತುರಿಸುವವರು ವೈದ್ಯರನ್ನು ಕೇಳದೆ ಇಂಥ ಹಾಸಿಗೆ ಕೊಳ್ಳಬಾರದು. ಚೆನ್ನಾಗಿ ತೊಳೆದ ಫೋಮಿನಲ್ಲಿ ಪ್ರೋಟೀನು ಕಡಿಮೆ, ಮೇಲೆ ಗವಸೂ ಇರುತ್ತದೆ ಎಂಬುದು ನಿಜ. ಆದರೂ ತಿಳಿದೂ ತಿಳಿದೂ ಅಪಾಯ ಏಕೆ?

ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಇನ್ನೊಂದು ಎಚ್ಚರಿಕೆ. ದೊಡ್ಡವರಿಗೆ ಹಿತವಾದ ಮೆತ್ತನೆ ಹಾಸಿಗೆ ಕೂಸಿಗೆ ಹಿತವಲ್ಲ. ಮಗ್ಗುಲಾದ ಕೂಸಿನ ಮುಖ ಹೂತುಹೋದರೆ ಉಸಿರಿಗೆ ತೊಂದರೆ. ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ, ದಿಂಬಿಲ್ಲದೆ ಮಲಗಿಸಿ.

ವಯಸ್ಸಾದವರ ವಿಷಯದಲ್ಲಿ ಹಾಸಿಗೆಯ ಗುಣಕ್ಕಿಂತ ಎತ್ತರ ಮುಖ್ಯ. ಇದನ್ನು ಯಾರೂ ಗಮನಿಸುವುದಿಲ್ಲ. ಹಳೆಯ ಎತ್ತರದ ಮಂಚ, ಅದರ ಮೇಲೆ ಎಂಟು ಅಂಗುಲದ ಹೊಸ ಹಾಸಿಗೆ. ಅಜ್ಜಿ ಮಂಚದ ಅಂಚಿನಲ್ಲಿ ಕುಳಿತರೆ ಕಾಲು ನೆಲಕ್ಕೆ ತಾಗುವುದಿಲ್ಲ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುವವರು ಕತ್ತಲಲ್ಲಿ ಜಾರಿ ಇಳಿಯಬೇಕು. ಅಲ್ಲೇ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡವರನ್ನು ನಾನು ಕಂಡಿದ್ದೇನೆ. ಹಾಸಿಗೆ ಹಾಕಿದ ಮೇಲೆ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು. ಅಳತೆ ಅಷ್ಟೆ. ತೀರ ಮೆತ್ತಗಿದ್ದು ಅಂಚು ಕುಸಿಯುವ ಹಾಸಿಗೆಯೂ ಮಂಡಿನೋವಿನವರಿಗೆ ಬೇಡ.

ಹಾಗಾದರೆ ಯಾರು ಕೊಳ್ಳಬಹುದು? ಹಣದ ಅನುಕೂಲವಿದ್ದು, ಸ್ವಂತ ಮನೆಯಿದ್ದು, ಹಳೆಯ ಫೋಮ್ ಹಾಸಿಗೆ ತಗ್ಗು ಬಿದ್ದು ಬದಲಿಸಲೇಬೇಕೆಂದಿರುವವರು, ಫೋಮಿನ ಸೆಕೆ ಸಹಿಸದವರು ಧಾರಾಳವಾಗಿ ಕೊಳ್ಳಲಿ. ಒಳ್ಳೆಯ ಲೇಟೆಕ್ಸ್ ಒತ್ತಿದಲ್ಲಿ ತಗ್ಗಿ, ಬಿಟ್ಟ ಕೂಡಲೇ ಮೇಲೇಳುತ್ತದೆ. ಹೊರಳಾಡುವುದು ಸುಲಭ. ಬೇಗ ತಗ್ಗು ಬೀಳುವುದೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಾಸಿಗೆ ಕೊಳ್ಳುವಾಗಲೇ ಮರೆಯುವವರಿಗೆ ಮಾತ್ರ ನನ್ನ ತಕರಾರು. ಕಂತಿನ ಮೇಲೆ ಹಾಸಿಗೆ ತಂದು, ಆ ಕಂತಿನ ಚಿಂತೆಯಲ್ಲಿ ನಿದ್ದೆಗೆಟ್ಟವರೂ ನನ್ನಲ್ಲಿಗೆ ಬಂದಿದ್ದಾರೆ.

ಬೆನ್ನುನೋವಿನವರು ಮಾತ್ರ ಕೊಳ್ಳುವ ಮೊದಲು ಒಂದು ಮಾತು ಕೇಳಬೇಕು. ಬೆಳಿಗ್ಗೆ ಏಳುವಾಗ ಬೆನ್ನು ಹಿಡಿದುಕೊಂಡಿದ್ದು, ಓಡಾಡಿದ ಅರ್ಧ ಗಂಟೆಯೊಳಗೆ ಸಡಿಲವಾದರೆ, ನೆಂಟರ ಮನೆಯಲ್ಲಿ ಮಲಗಿದಾಗ ನೋವೇ ಇರದಿದ್ದರೆ, ಆಗ ಹಾಸಿಗೆಯ ಮೇಲೆ ಅನುಮಾನ ಪಡಬಹುದು. ಆದರೆ ನೋವು ಕಾಲಿಗೆ ಇಳಿದು ಕಾಲು ಸೋತರೆ, ನಡೆದಾಗ ಜೋಮು ಹಿಡಿದು ಕುಳಿತಾಗ ಬಿಟ್ಟರೆ, ಬಿದ್ದ ನಂತರ ನೋವು ಶುರುವಾಗಿದ್ದರೆ, ಜೊತೆಗೆ ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ, ಯಾವ ಮಗ್ಗುಲಿಗೆ ತಿರುಗಿದರೂ ರಾತ್ರಿಯಿಡೀ ನೋವಿದ್ದರೆ ಹಾಸಿಗೆ ಅಂಗಡಿಗೆ ಹೋಗಬೇಡಿ, ವೈದ್ಯರ ಬಳಿ ಹೋಗಿ. ಮಲಮೂತ್ರದ ಹತೋಟಿ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಯವರೆಗೆ ಕಾಯುವಂತಿಲ್ಲ.

ನಮ್ಮ ಹಿರಿಯರಿಗೆ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಸದ್ಯಕ್ಕೆ ವ್ಯಾಯಾಮ ಮತ್ತು ಮಾತ್ರೆಗಳಲ್ಲೇ ನಡೆದಿದೆ. “ಹಾಸಿಗೆ ವಾಪಸು ಮಾಡಿಬಿಡಲೇ?” ಎಂದು ಕೇಳಿದರು. ಬೇಡವೆಂದೆ. ಪತ್ನಿಗೆ ನಿದ್ದೆ ಬರುತ್ತಿದೆಯಲ್ಲ, ಅದೇನು ಕಡಿಮೆ ಲಾಭವೇ?

ಆಗ ಆ ತಾಯಿ, “ಹಬ್ಬಕ್ಕೆ ಮುಂಚೆ ಒಂದು ದಿನ ಹುಡುಗರನ್ನ ಕರೆದು ತಾರಸಿ ಮೇಲೆ ಹಾಕಿಸಿ ಚೆನ್ನಾಗಿ ಬಿಸಿಲು ಕಾಯಿಸ್ತೀನಿ” ಎಂದರು. ಅವರನ್ನು ತಡೆದದ್ದು ಒಳ್ಳೆಯದಾಯಿತು. ಹತ್ತಿ ಹಾಸಿಗೆಯ ಕಾಲದಿಂದ ಬಂದ ಒಳ್ಳೆಯ ಅಭ್ಯಾಸವೇ ಲೇಟೆಕ್ಸಿಗೆ ಶತ್ರು. ರಬ್ಬರ್ ಬ್ಯಾಂಡನ್ನು ಕಿಟಕಿಯ ಬಿಸಿಲಲ್ಲಿ ಮರೆತರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಾಸಿಗೆಗೂ ಅದೇ ಗತಿ. ಬಿಸಿಲು ತಾಗಿದ ಲೇಟೆಕ್ಸ್ ಹಳದಿಯಾಗಿ, ಬಿರುಸಾಗಿ, ಕೊನೆಗೆ ಹುಡಿಹುಡಿಯಾಗಿ ಉದುರುತ್ತದೆ. ಗವಸನ್ನು ಮಾತ್ರ ತೆಗೆದು ಒಗೆದು ಬಿಸಿಲಿಗೆ ಹಾಕಿ, ಹಾಸಿಗೆಯನ್ನು ಕಿಟಕಿ ತೆರೆದ ಕೋಣೆಯೊಳಗೆ ನೆರಳಲ್ಲೇ ಗಾಳಿಗೆ ಎತ್ತಿ ನಿಲ್ಲಿಸಿ. ಕೆಳಗೆ ಪ್ಲೈವುಡ್ ಮುಚ್ಚಿದ ಪೆಟ್ಟಿಗೆ ಮಂಚವಿದ್ದರೆ ಬೆವರಿನ ತೇವ ಅಲ್ಲೇ ನಿಂತು ಬೂಷ್ಟು ಬರುತ್ತದೆ. ಪಟ್ಟಿ ಪಟ್ಟಿ ಹಲಗೆಯ ಮಂಚ ಒಳ್ಳೆಯದು, ಇಲ್ಲದಿದ್ದರೆ ಬಡಗಿಯಿಂದ ಪ್ಲೈವುಡ್ಡಿಗೆ ನಾಲ್ಕಾರು ತೂತು ಕೊರೆಸಿ.

ಬಿಸಿಲು ಕಾಯಿಸುವ ಆಸೆ ಉಳಿದೇ ಇದ್ದರೆ ಅದಕ್ಕೂ ದಾರಿಯಿದೆ. ಅವರ ಮನೆಯ ಅಟ್ಟದ ಮೇಲೆ ಮಗಳ ಬಾಣಂತನಕ್ಕೆ ಮಾಡಿಸಿದ್ದ ಎರಡು ಹತ್ತಿ ಹಾಸಿಗೆಗಳು ಗಂಟುಗಟ್ಟಿ ಬಿದ್ದಿವೆಯಂತೆ. ಪಿಂಜಾರರು ಹೆಗಲ ಮೇಲೆ ಬಿಲ್ಲು ಹೊತ್ತು ಬೀದಿಗೆ ಬಂದು, ಆ ಬಿಲ್ಲಿನ ಹೆದೆ ಮೀಟಿ ಸದ್ದು ಮಾಡುತ್ತಿದ್ದ ಕಾಲವನ್ನು ಆಕೆಯೇ ನೆನಪಿಸಿಕೊಂಡರು. ಈಗ ಆ ಕೆಲಸ ಹೆಚ್ಚಾಗಿ ಅಂಗಡಿಯ ಯಂತ್ರಗಳಲ್ಲಿ ನಡೆಯುತ್ತದೆ. ಹತ್ತಿಯನ್ನು ಮತ್ತೆ ಎಕ್ಕಿಸಿ, ಹೊಸ ಬಟ್ಟೆ ಹಾಕಿಸಿದರೆ ಹೊಸ ಲೇಟೆಕ್ಸಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಹಾಸಿಗೆ ಸಿದ್ಧ. ಅದು ಗಡುಸೂ ಅಲ್ಲ, ಅತಿ ಮೆದುವೂ ಅಲ್ಲ. ಎಕ್ಕಿಸುವುದನ್ನು ಮನೆಯೊಳಗೆ ಮಾಡಿಸಬೇಡಿ, ಆ ದೂಳು ಉಬ್ಬಸದವರಿಗೆ ಆಗದು. ಹತ್ತಿಯ ದೂಳನ್ನು ವರ್ಷಗಟ್ಟಲೆ ಸೇವಿಸುವ ಎಕ್ಕುವವರ ಶ್ವಾಸಕೋಶಕ್ಕೂ ಅದು ಒಳ್ಳೆಯದಲ್ಲ. ಅವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕೂತಿದ್ದರೆ ನೀವೇ ಒಂದು ಮಾಸ್ಕ್ ಕೊಡಿ.

“ಎರಡರಲ್ಲಿ ಒಂದನ್ನು ಈ ವಾರವೇ ಎಕ್ಕಿಸ್ತೀನಿ” ಎಂದು ಆಕೆ ಎದ್ದರು. “ಯಾರಿಗೆ?” ಎಂದು ಪತಿ ಕೇಳಿದರು. “ನಿಮಗೇ. ಹೇಗೂ ನಿಮಗೆ ಅದು ಹಿಡಿಸಲಿಲ್ಲವಲ್ಲ” ಎಂದರು.